ಏಳು ಸೆಕೆಂಡು

ಕೂಡ್ಲಿಗಿ
19-1-2025

ಮಗಳು ಕ್ರಾಂತಿಗೆ ಅಪ್ಪನ ಜೈಭೀಮ್.

ಹೇಗಿದ್ದೀಯವ್ವಾ? ಆಸ್ಪತ್ರೆಯ ಡ್ಯೂಟಿಯಲ್ಲಿ ನಿಂತು ನಿಂತು ಬರುತ್ತಿದ್ದ ಕಾಲುನೋವು ಕಡಿಮೆಯಾಯಿತೇ? ನನ್ನ ಬಿಪಿ ಹತೋಟಿಯಲ್ಲಿದೆ. ನಿಮ್ಮಣ್ಣ ಅರುಣಕುಮಾರ್ ಮಾತ್ರೆ ತಪ್ಪಿಸುತ್ತಿಲ್ಲ.

ಅವನ ವಿಷಯಕ್ಕೇ ಬರೆಯುತ್ತಿದ್ದೇನೆ. ಸ್ಕಿಜೋಫ್ರೇನಿಯಾ ಇರುವವರ ಮಾತು ಎಲ್ಲಿ, ಹೇಗೆ ಕಡಿಯುತ್ತದೆ ಎಂದು ಕಂಪ್ಯೂಟರಿನಿಂದ ಅಧ್ಯಯನ ಮಾಡುವ ಚಂದನಾ ಎಂಬ ಹುಡುಗಿ ಹೋದ ತಿಂಗಳು ಮನೆಗೆ ಬಂದಿದ್ದಳು. ಒಪ್ಪಿಗೆ ಪತ್ರವನ್ನು ಅರುಣ ತಾನೇ ಓದಿ ಸಹಿ ಹಾಕಿದ. ಅವನು ತಡವರಿಸಿದರೆ ಸಹಾಯಕ್ಕಿರಲಿ ಎಂದು ನಾನೂ ಪಕ್ಕದಲ್ಲಿ ಕೂತೆ. ಆಕೆ ಅರುಣನನ್ನು ಮಾತಾಡಿಸಿ, ನಮ್ಮಿಬ್ಬರ ಮಾತನ್ನೂ ರೆಕಾರ್ಡ್ ಮಾಡಿಕೊಂಡು ಹೋದಳು. ನೂರಾರು ಜನರ ಮಾತು ಕೇಳಿಸಿ ಕಲಿಸಿದ ಆ ಕಂಪ್ಯೂಟರು, ಒಂದು ವಾಕ್ಯಕ್ಕೂ ಮುಂದಿನದಕ್ಕೂ ಎಷ್ಟು ನಂಟಿದೆ, ನಡುವೆ ಎಷ್ಟು ಮೌನವಿದೆ ಎಂದು ಅಳೆಯುತ್ತದಂತೆ.

ಮೊನ್ನೆ ಬಂದು ಪರದೆಯ ಮೇಲೆ ನಮ್ಮ ಮಾತಿನ ಗೆರೆಗಳನ್ನು ತೋರಿಸಿದಳು. ಅರುಣನದು ನೀಲಿ, ನನ್ನದು ಕೆಂಪು. "ನೋಡ್ರಿ ಸರ, ಇದು ರೋಗ ವಾಸಿ ಮಾಡೋದಲ್ಲ. ಆದ್ರ ಮುಂದಿನ ಮಾತು ಹುಡುಕಾಕ ಅವರಿಗಿ ಏಳು ಸೆಕೆಂಡು ಬೇಕಾಗ್ತೈತಿ. ನೀವು ಎರಡ ಸೆಕೆಂಡಿಗೇ ನಡಕ ಬಾಯಿ ಹಾಕೀರಿ," ಎಂದಳು. ಇಪ್ಪತ್ತು ನಿಮಿಷದಲ್ಲಿ ಮೂವತ್ತೊಂದು ಸಲ! ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಮೇಷ್ಟ್ರು ನಾನು. ಉಸಿರೆಳೆದುಕೊಳ್ಳುವಷ್ಟು ಸಣ್ಣ ಮೌನವನ್ನೂ ಬಿಡದೆ ಆ ಕಂಪ್ಯೂಟರು ಕೇಳಿಸಿಕೊಂಡಿತ್ತಲ್ಲ, ನಾನು ಕೇಳಿಸಿಕೊಂಡಿರಲಿಲ್ಲ.

ಅವತ್ತು ಸಂಜೆ ಅರುಣ ದಿನದಂತೆ "ಬಾಗಿಲು... ನೀರು..." ಎಂದ. ನಾನು ಎದ್ದು ನೀರು ತರಲಿಲ್ಲ. ಮನಸ್ಸಿನಲ್ಲೇ ಎಣಿಸುತ್ತ ಕೂತೆ. ಏಳು ದಾಟಿತು, ಒಂಬತ್ತೂ ದಾಟಿತು. ಆಮೇಲೆ ಅಂದ: "ಅವ್ವ ಸಾಯೋ ಮುಂದ ನನ್ನ ಹೊರಗ ಹಾಕಿ ಬಾಗಿಲು ಹಾಕಿದ್ರಿ. ಅಕಿ ಬಾಯಾಗ ನೀರು ಬಿಡಬೇಕಿತ್ತು ನಾನು."

ಆರು ವರ್ಷದಿಂದ ಇದನ್ನೇ ಹೇಳುತ್ತಿದ್ದ, ಕ್ರಾಂತಿ. ನಾವು ಲೋಟ ತಂದು ಕೈಗಿಡುತ್ತಿದ್ದೆವು. ಬಂದ ಜನರ ಮುಂದೆ ಗಲಾಟೆ ಮಾಡಿಯಾನೆಂದು ಹೆದರಿ ಅಂದು ಚಿಲಕ ಹಾಕಿದವನು ನಾನೇ. "ತಪ್ಪಾತಪ್ಪ," ಎಂದೆ. ಮತ್ತೆ ಎಣಿಸುತ್ತ ಕೂತೆ. ಅವನು "ಹ್ಞೂಂ. ಚಾ ಮಾಡ್ತೀನಿ," ಎಂದು ಎದ್ದ.

ಇನ್ನೂ ಬೆರಗಿನಲ್ಲೇ ಇದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ಭೀಮರಾಜ

ಮರೆತಿದ್ದೆ: ನಿನ್ನ ಮದುವೆಯ ದಿನ ಅರುಣನನ್ನು ಉಜ್ಜಿನಿಯ ಸೋದರತ್ತೆಯ ಮನೆಯಲ್ಲಿ ಬಿಡೋಣವೆಂದು ನಿನ್ನನ್ನು ಒಪ್ಪಿಸಿದ್ದೆನಲ್ಲ, ಅದು ರದ್ದು. ಅವನು ಬರುತ್ತಾನೆ. ನಿನಗೊಬ್ಬ ಅಣ್ಣನಿದ್ದಾನೆಂದು ಗಂಡಿನ ಮನೆಯವರಿಗೆ ನೀನು ಹೇಳುತ್ತೀಯೋ, ನಾನೇ ಬಂದು ಹೇಳಲೋ?