ದಾರಿ ಕಡಿದ ಭಾನುವಾರ

ನೋರ್‌ಡಾಲ್ ಟೌನ್‌ಶಿಪ್, ಮಿನೆಸೋಟ
ಸೋಮವಾರ, ಏಪ್ರಿಲ್ ೧೪, ೧೯೮೬

ಪ್ರೀತಿಯ ಆರ್ವಿಡ್,

ಈ ಕಾಗದವನ್ನು ಬೆಳಗಿನಿಂದ ಎಷ್ಟು ಸಲ ಶುರು ಮಾಡಿ ಹರಿದೆನೋ ನನಗೇ ಗೊತ್ತಿಲ್ಲ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಕಿಟಕಿಗೆ ಹೋಗಬೇಕೆನಿಸುತ್ತದೆ, ಕಿಟಕಿಯಲ್ಲಿ ನೋಡಿದರೆ ನೀರು. ನಿನ್ನ ಕಾರ್ಡು ಶುಕ್ರವಾರ ಬಂತು. ಡುಲೂತ್ ಬಂದರಿನಲ್ಲಿ ಇನ್ನೂ ಮಂಜುಗಡ್ಡೆ ಕರಗಿಲ್ಲ ಎಂದು ಬರೆದಿದ್ದೀ. ಆಮೇಲೆ ಎಂದಿನ ಪ್ರಶ್ನೆಗಳು. ಮನೆ ಹೇಗಿದೆ, ನೆಲಮಾಳಿಗೆಯ ಪಂಪು ಓಡುತ್ತಿದೆಯಾ, ಉತ್ತರದ ಗೋಡೆಗೆ ಬಣ್ಣ ಹೊಡೆಸಿದೆಯಾ. ಬಿಟ್ಟುಹೋಗಿ ಎರಡು ವರ್ಷವಾಯಿತು, ಬರೆದ ಕಾರ್ಡುಗಳಲ್ಲೆಲ್ಲ ಮನೆಯ ಯೋಗಕ್ಷೇಮ ವಿಚಾರಿಸಿದ್ದೀ. ಮನೆಯೊಳಗೆ ಇರುವವಳು ಹೇಗಿದ್ದಾಳೆ ಎಂದು ಒಂದು ಸಲವೂ ಕೇಳಲಿಲ್ಲ. ಇರಲಿ, ಜಗಳ ಆಡಲು ಕೂತಿಲ್ಲ.

ಹಳ್ಳ ಉಕ್ಕಿದೆ. ಈ ಸಲ ಹಿಮ ಹದವಾಗಿ ಕರಗಲಿಲ್ಲ, ಒಂದೇ ವಾರದಲ್ಲಿ ಬೇಸಿಗೆ ಬಂದಹಾಗೆ ಬಿಸಿಲು ಬಿದ್ದು ಎಲ್ಲ ಒಟ್ಟಿಗೇ ಇಳಿಯಿತು. ದಾರಿಯ ದಕ್ಷಿಣಕ್ಕೆ, ನೆರೆಮನೆಯ ಮೋಯೆನ್‌ಗಳ ಕಡೆ, ಕೆರೆಯೇ ನಿಂತಿತು. ಉತ್ತರಕ್ಕೆ, ನಮ್ಮ ಕಡೆ, ನೆಲ ಒಣಗಿತ್ತು. ಪ್ರತಿ ವಸಂತದಲ್ಲೂ ಆಗುವುದೇ ಹೀಗೆ, ಆದರೆ ಇಷ್ಟು ಎಂದೂ ಆಗಿರಲಿಲ್ಲ.

ಯಾಕೆ ಹೀಗೆ ಎನ್ನುವುದು ನಿನಗೆ ಗೊತ್ತಿರುವ ಕಥೆ. ಆದರೆ ನಿಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ, ಆದ್ದರಿಂದ ಒಂದು ಸಲ ನಾನೇ ಹೇಳಿಬಿಡುತ್ತೇನೆ. ಸರ್ವೆಯವರು ಬಂದದ್ದು ಬೇಸಿಗೆಯಲ್ಲಂತೆ. ಸರಪಳಿ ಎಳೆದು ನೆಲವನ್ನೆಲ್ಲ ಮೈಲಿ ಮೈಲಿಯ ಚೌಕಗಳಾಗಿ ಗೆರೆ ಹಾಕಿ ಹೊರಟುಹೋದರು. ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಅವರು ನೋಡಲಿಲ್ಲ. ಗೆರೆಯ ಮೇಲೆ ದಾರಿ ಬಂತು. ನಿನ್ನ ತಾತ ಟೌನ್‌ಶಿಪ್ಪಿನ ಆಡಳಿತ ನೋಡುವ ಮೂವರು ಮೇಲ್ವಿಚಾರಕರಲ್ಲಿ ಒಬ್ಬನಾದ ವರ್ಷ ಆ ದಾರಿಯನ್ನು ಆಳೆತ್ತರ ಏರಿಸಿದ. ಆಗ ರಸ್ತೆ ತೆರಿಗೆಯನ್ನು ಮೈಗೆಲಸ ಮಾಡಿ ತೀರಿಸುವ ಪದ್ಧತಿ. ಮೋಯೆನ್‌ಗಳ ತಾತನೂ ತನ್ನ ಕುದುರೆಗಳನ್ನು ಹೊಡೆದುಕೊಂಡು ಬಂದು ಮಣ್ಣು ಎಳೆದ. ಆ ಏರಿ ತನ್ನ ಹೊಲಕ್ಕೇ ಕಟ್ಟೆಯಾಗುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲವೇ? ಚೆನ್ನಾಗಿಯೇ ತಿಳಿದಿತ್ತು. ನೆರೆಯವನಿಗೆ ಹೇಗೆ ಆಗದು ಎನ್ನುವುದು ಎಂದು ಸುಮ್ಮನಿದ್ದ.

ಅವನ ಮಗನೂ ಸುಮ್ಮನಿದ್ದ, ಮೊಮ್ಮಗ ಕರ್ಟಿಸನೂ ಸುಮ್ಮನಿದ್ದಾನೆ. ಎದುರು ಬಂದ ಪ್ರತಿ ಗಾಡಿಗೂ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ವಂದಿಸುವ ಊರು ಇದು. ನಮ್ಮ ಗಾಡಿ ಕಂಡರೆ ಮಾತ್ರ ಕರ್ಟಿಸನ ಬೆರಳು ಏಳುವುದಿಲ್ಲ. ಇಲ್ಲಿಯವರ ಲೆಕ್ಕದಲ್ಲಿ ಅದು ದೊಡ್ಡ ರಂಪ. ದಾರಿಯ ಅಡಿಯಲ್ಲಿ ಒಂದು ಮೋರಿ ಹಾಕಿಸಿ ಅವರ ನೀರಿಗೆ ಹೊರಗೆ ಹೋಗಲು ಜಾಗ ಕೊಡೋಣ ಎಂದು ನಾನು ಹೇಳಿದಾಗ ನೀನು ಬೈಯಲಿಲ್ಲ, ಆಗದು ಎನ್ನಲಿಲ್ಲ, ಆ ಶರತ್ಕಾಲದಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಬಂದರಿನ ಕೆಲಸಕ್ಕೆ ಹೋದೆ. ಬೈದಿದ್ದರೆ ನನಗೆ ಎಷ್ಟೋ ಹಾಯೆನಿಸುತ್ತಿತ್ತು.

ನಾನು ಕಬ್ಬಿಣದ ಗಣಿಯೂರಿನಲ್ಲಿ ಬೆಳೆದವಳು. ನಮ್ಮ ಕಡೆ ಬೇಕಿದ್ದರೆ ಬೇಕು ಎನ್ನುತ್ತಾರೆ, ಬೇಡದಿದ್ದರೆ ತಟ್ಟೆ ದೂಡುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ನಿನ್ನಮ್ಮ ಕಾಫಿ ಬೇಕಾ ಎಂದಾಗ ಹೂಂ ಎಂದುಬಿಟ್ಟೆ. ನಾನು ಅವರ ಬೀರುವಿನ ಬೀಗದಕೈಯನ್ನೇ ಕೇಳಿದೆನೋ ಎಂಬಂತೆ ನೋಡಿದರು. ಒಂದು ಸಲ ಬೇಡ, ಇನ್ನೊಂದು ಸಲ ಬೇಡ, ಮೂರನೆಯ ಸಲಕ್ಕೆ ‘ನಿಮಗೆ ತೊಂದರೆಯಾಗದಿದ್ದರೆ ಅರ್ಧ ಲೋಟ’ ಎನ್ನಬೇಕು ಎಂದು ಕಲಿಯುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಒಂದು ಸಲ ಹೇಳಿದ ಮಾತಿಗೆ ಇಲ್ಲಿ ಬೆಲೆಯೇ ಇಲ್ಲ.

ಶನಿವಾರ ಮಧ್ಯಾಹ್ನ ಮೇಲ್ವಿಚಾರಕರು ಮೂವರೂ ಬಂದರು. ಮುಂದೆ ಸೆಲ್ಮರ್, ಹಿಂದೆ ಇನ್ನಿಬ್ಬರು ಟೋಪಿ ಕೈಯಲ್ಲಿ ಹಿಡಿದು.

“ಒಳಗೆ ಬನ್ನಿ, ಕಾಫಿ ಕುಡೀರಿ” ಎಂದೆ.

“ಬೇಡಮ್ಮ ಮಿಲ್ಕಾ, ಬೂಟೆಲ್ಲ ಕೆಸರು.”

“ಕೆಸರು ನಂಗೇನ್ ಹೊಸದಲ್ಲ, ಬನ್ನಿ.”

“ಈಗಷ್ಟೇ ಕುಡಿದ್ವಿ.”

ಮೂರನೆಯ ಸಲಕ್ಕೆ ಒಳಗೆ ಬಂದರು. ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ಕೊಟ್ಟೆ, ಅದಕ್ಕೂ ಅಷ್ಟೇ ಉಪಚಾರ. ಹವಾಮಾನ ಆಯಿತು, ಗೋಧಿ ಬಿತ್ತನೆ ತಡವಾಗುವುದು ಆಯಿತು, ಪಾದ್ರಿಯ ಮಂಡಿನೋವು ಆಯಿತು. ಆಮೇಲೆ ಸೆಲ್ಮರ್ ಲೋಟದೊಳಗೆ ನೋಡುತ್ತ ಹೇಳಿದ, “ಕರ್ಟಿಸನ ಕೊಟ್ಟಿಗೇಗೆ ನೀರು ಬಂದಿದ್ಯಂತೆ.”

“ಗೊತ್ತು.”

“ಹಸುಗಳು ಮೊಣಕಾಲುದ್ದ ನೀರಲ್ಲಿ ನಿಂತಿವೆಯಂತೆ. ಲಾರಿ ತಂದು ಸಾಗಿಸೋಣ ಅಂದ್ರೆ ಅಂಗಳದಲ್ಲೇ ಹೂತುಹೋಗತ್ತೆ.”

“ಹೌದಾ.”

“ಹೂಂ. ಯಾರೋ ಅಂತಿದ್ರು, ನಾನಲ್ಲ, ಯಾರೋ... ದಾರೀನ ಒಂಚೂರು ಕಡಿದ್ರೆ...”

“ಕಡೀರಿ” ಎಂದೆ.

ಮೂರು ಲೋಟಗಳೂ ಬಾಯಿಯ ಹತ್ತಿರ ನಿಂತವು. “ಅಯ್ಯೋ, ಬಿಡ್ತು ಅನ್ನಮ್ಮ! ನಾವು ಅದನ್ನ ಕೇಳೋಕೆ ಬಂದಿದ್ದಲ್ಲ.”

“ಅದನ್ನೇ ಕೇಳೋಕೆ ಬಂದಿದ್ದೀರಿ. ಕಡೀರಿ ಅಂತಿದ್ದೀನಿ.”

“ನಿಂದು ದೊಡ್ಡ ಮನಸ್ಸು, ಹೇಳ್ತೀಯ. ಹಾಗಂತ ನಾವು ಮಾಡಕ್ಕಾಗತ್ತಾ? ಅಷ್ಟೂ ನೀರು ನಿಮ್ಮನೆ ಮೇಲೇ ಹೋಗತ್ತೆ. ಆರ್ವಿಡ್ ಏನಂದಾನು?”

“ಆರ್ವಿಡ್ ಯಾವತ್ತಾದ್ರೂ ಏನಾದ್ರೂ ಅಂದಿದ್ದಾನಾ?”

ಮೂವರೂ ನಕ್ಕರು. ಎದ್ದರು, ರೊಟ್ಟಿ ಚೆನ್ನಾಗಿತ್ತು ಎಂದರು, ಬಾಗಿಲಲ್ಲಿ ನನ್ನ ಭುಜ ತಟ್ಟಿದರು. ಅವರಿಗೆ ಹೊಟ್ಟೆ ತುಂಬಾ ಸಂತೋಷವಾಗಿತ್ತು, ಅವರ ಲೆಕ್ಕದಲ್ಲಿ ನಾನು ಬರೀ ಮರ್ಯಾದೆಗೆ ಹೂಂ ಎಂದಿದ್ದೆನಲ್ಲ! ನಾಳೆ ಚರ್ಚು ಮುಗಿಸಿ ಇನ್ನೊಂದು ಸಲ ಕೇಳುವುದು, ಸೋಮವಾರ ಮತ್ತೊಂದು ಸಲ, ಆಗ ನಿಜವಾದ ಉತ್ತರ ತೆಗೆದುಕೊಳ್ಳುವುದು. ಪದ್ಧತಿ ಎಂದರೆ ಪದ್ಧತಿ. ನೀರಿಗೆ ಯಾರಾದರೂ ಆ ಪದ್ಧತಿ ಹೇಳಿಕೊಡಬೇಕಿತ್ತು.

ಭಾನುವಾರ ಬೆಳಿಗ್ಗೆ ತಡೆಯಲಾಗದೆ ಕರ್ಟಿಸನ ಹೆಂಡತಿ ಜೂನಿಸ್‌ಗೆ ಫೋನು ಮಾಡಿದೆ. ನಾವಿಬ್ಬರೂ ಮಾತಾಡಿ ವರ್ಷಗಳಾಗಿದ್ದವು. ಹೇಗಿದ್ದೀರಿ ಎಂದೆ.

“ಪರವಾಗಿಲ್ಲ. ಇದಕ್ಕಿಂತ ಕೆಟ್ಟದಾಗಬಹುದಿತ್ತು.”

ಅವಳ ಹಿಂದೆ ಯಾವುದೋ ಕರು ಅರಚುತ್ತಿತ್ತು. “ಕರು ಎಲ್ಲಿದೆ?”

“ಅಡುಗೆಮನೇಲಿ. ಎಲ್ಲಾನೂ ಮೇಲಕ್ಕೆ ತಂದ್ವಿ. ಎಲ್ಲಾನೂ ಅಂದ್ರೆ, ತರಕ್ಕಾದಷ್ಟು...” ಮೂಗು ಎಳೆದುಕೊಂಡ ಸದ್ದು. “ಇರಲಿ ಬಿಡಿ ಮಿಲ್ಕಾ, ನಿಮ್ಗೆ ಚರ್ಚಿಗೆ ಹೊತ್ತಾಗತ್ತೆ.”

ಫೋನು ಇಟ್ಟೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮುಳುಗುವವಳೂ ಉಪಚಾರ ಮಾಡಬೇಕೇ? ಚರ್ಚಿನ ಉಡುಪಿನ ಮೇಲೆಯೇ ನಿನ್ನ ಹಳೆಯ ಕೋಟು ಹಾಕಿಕೊಂಡು, ನೀನು ಚರಂಡಿ ತೋಡಲು ತಂದಿಟ್ಟಿದ್ದ ಹಳದಿ ಅಗೆಯುವ ಟ್ರ್ಯಾಕ್ಟರನ್ನು ಹೊರಗೆ ತೆಗೆದೆ. ಭಾನುವಾರ ಬಟ್ಟೆಯನ್ನೂ ಒಗೆಯದ ಊರಿನಲ್ಲಿ ಅದರ ಸದ್ದು ಮೈಲಿಗಟ್ಟಲೆ ಕೇಳಿರಬೇಕು.

ಒಂದಷ್ಟು ಅಗೆಯುವಷ್ಟರಲ್ಲಿ ಸೆಲ್ಮರನ ಗಾಡಿ ಬಂದು ನಿಂತಿತು. ಇಳಿದು ಬಂದ, ಕೊರಳಲ್ಲಿ ಟೈ.

“ಏನಮ್ಮಾ ಮಾಡ್ತಿದ್ದೀಯ?”

“ನಿನ್ನೆ ಹೇಳಿದ್ನಲ್ಲ.”

“ಅದು ನೀನು ಸುಮ್ನೆ ಅಂದಿದ್ದು ಅಂತ ನಾವು...”

“ಸುಮ್ನೆ ಅನ್ನೋದು ನಂಗೆ ಬರಲ್ಲ ಸೆಲ್ಮರ್. ನಿಲ್ಲಿಸು ಅನ್ನೋದಾದ್ರೆ ಅನ್ನು. ಆದ್ರೆ ಒಂದೇ ಸಲ ಅನ್ನು.”

ಅವನು ದಕ್ಷಿಣದ ನೀರನ್ನು ನೋಡಿದ, ಆಮೇಲೆ ಉತ್ತರಕ್ಕೆ ತಿರುಗಿ ನಮ್ಮ ಮನೆಯನ್ನು ನೋಡಿದ. ಕಡೆಗೆ ಟೈ ಸಡಿಲಿಸಿಕೊಂಡು, “ಇನ್ನೊಂಚೂರು ಪೂರ್ವಕ್ಕೆ ಕಡಿ, ಅಲ್ಲಿ ಮಣ್ಣು ಮೆತ್ತಗಿದೆ” ಎಂದು ಹೇಳಿ, ಗಾಡಿಗಳು ಬರದಂತೆ ದಾರಿಗೆ ಅಡ್ಡ ಕಟ್ಟಲು ಹಲಗೆ ತರಲು ಹೋದ.

ಮೊದಲು ನೀರು ಬೆರಳಿನಷ್ಟು ಬಂತು, ಆಮೇಲೆ ತಾನೇ ದಾರಿ ಅಗಲ ಮಾಡಿಕೊಂಡಿತು. ನಿನ್ನ ತಾತ ಎಳೆಸಿದ ಮಣ್ಣು ಹೆಂಟೆ ಹೆಂಟೆಯಾಗಿ ಕುಸಿದು ಹೋಗುವುದನ್ನು ನೋಡುತ್ತ ನನಗೆ ಭಯವಾಯಿತು. ಅಳುವೂ ಬಂತು, ನಿಜ ಹೇಳುತ್ತೇನೆ. ಕರ್ಟಿಸ್ ಆಚೆ ದಡಕ್ಕೆ ಓಡಿಬಂದು ಏನೋ ಕೂಗಿದ, ನೀರಿನ ಅಬ್ಬರಕ್ಕೆ ಕೇಳಿಸಲಿಲ್ಲ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಅವರ ಕೊಟ್ಟಿಗೆಯ ನೆಲ ಕಂಡಿತು. ಹಸುಗಳೆಲ್ಲ ಉಳಿದಿವೆ.

ಇನ್ನು ನಿನ್ನ ಮನೆ. ನೀರು ಮುಂಬಾಗಿಲ ಮೆಟ್ಟಿಲವರೆಗೆ ಬಂದಿದೆ. ಅದರ ವಿಷಯ ಇಷ್ಟು ಸಾಕು. ಬಂದರಿನ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು, ನಿನಗೆ ಕಿವಿನೋವು ಬೇಗ ಬರುತ್ತದೆ.

ನಿನ್ನ
ಮಿಲ್ಕಾ

ಮರೆತ ಮಾತು: ಮೆಟ್ಟಿಲು ಎಂದು ಬರೆದದ್ದು ಸುಳ್ಳು. ಕಾಗದವನ್ನು ಮತ್ತೊಮ್ಮೆ ಹರಿಯುವ ತಾಳ್ಮೆ ಇಲ್ಲ, ಅದಕ್ಕೇ ಇಲ್ಲಿ ಸರಿಪಡಿಸುತ್ತೇನೆ. ನೀರು ಅಡುಗೆಮನೆಯ ಕಿಟಕಿಯ ಮಟ್ಟಕ್ಕೆ ಇದೆ, ಹಿಂದಿನ ಗೋಡೆ ಜರುಗಿದೆ. ನಾನು ಜೂನಿಸಳ ಮನೆಯ ಮಹಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಮನೆಯನ್ನು ಉಳಿಸಬಹುದಿತ್ತು, ಅದೂ ನಿನಗೆ ತಿಳಿದಿರಲಿ. ನೀರು ಅಂಗಳಕ್ಕೆ ಬರುವ ಮುಂಚೆಯೇ ಟೌನ್‌ಶಿಪ್ಪಿನವರೆಲ್ಲ ಚರ್ಚಿನ ಬಟ್ಟೆಯಲ್ಲೇ ಮರಳಿನ ಚೀಲ ಹೇರಿಕೊಂಡು ಬಂದಿದ್ದರು. ಮನೆಯ ಸುತ್ತ ಚೀಲ ಒಟ್ಟಲಾ ಎಂದು ಸೆಲ್ಮರ್ ಕೇಳಿದ. ಬೇಡ ಎಂದೆ. ನಕ್ಕು ಮತ್ತೆ ಕೇಳಿದ. ಬೇಡ ಎಂದೆ. ಮೂರನೆಯ ಸಲ ಕೇಳುವಾಗ ಅವನು ಆಗಲೇ ಚೀಲವನ್ನು ಹೆಗಲಿಗೇರಿಸಿದ್ದ. ಆಗಲೂ ಬೇಡ ಎಂದೆ. ಅವನು ಚೀಲ ಕೆಳಗಿಳಿಸಿದ. ಆ ಮನೆ ನಿಂತಿರುವವರೆಗೆ ನೀನು ಬಂದರೂ ಅದನ್ನು ನೋಡಲೆಂದೇ ಬರುತ್ತಿದ್ದೆ, ಆರ್ವಿಡ್. ಈಗ ಇಲ್ಲಿ ನಿನ್ನದೆಂದು ಇರುವುದು ನಾನೊಬ್ಬಳೇ. ಇಷ್ಟಕ್ಕೇ ಬರುವುದಾದರೆ ಬಾ.