ತಾತನ ಹುಲಿಯುಗುರು

ನಜರ್‌ಬಾದ್, ಮೈಸೂರು
ಗುರುವಾರ, ೧೨-೩-೧೯೬೪

ಅಪ್ಪಾಜಿಯವರಿಗೆ ಸುಶೀಲಳ ನಮಸ್ಕಾರ.

ರಾತ್ರಿ ಮೂರು ಗಂಟೆ. ನಮ್ಮ ಮಗು ಅತ್ತಿತೆಂದು ಎದ್ದು ಕತ್ತಲಲ್ಲೇ ತೊಟ್ಟಿಲು ತೂಗಿದೆ. ಅವನು ನಿದ್ದೆಯಲ್ಲಿದ್ದ, ಅಳುತ್ತಿದ್ದದ್ದು ಮೃಗಾಲಯಕ್ಕೆ ಹೊಸದಾಗಿ ತಂದ ಹುಲಿಮರಿಗಳು. ಅವುಗಳ ತಾಯಿಯನ್ನು ಲೈಸೆನ್ಸ್ ಇಲ್ಲದೆ ಯಾರೋ ಗುಂಡು ಹೊಡೆದು ಕೊಂದರಂತೆ. ಪಾದಗಳಲ್ಲಿ ಒಂದು ಉಗುರೂ ಉಳಿದಿರಲಿಲ್ಲವೆಂದು ಇವರ ಫಾರೆಸ್ಟ್ ಆಫೀಸಿಗೆ ರಿಪೋರ್ಟು ಬಂದಿದೆ.

ಭಾನುವಾರ ತೊಟ್ಟಿಲ ಶಾಸ್ತ್ರಕ್ಕೆ ಬಂದ ಅಣ್ಣ ಮಗುವಿನ ಕೊರಳಿಗೆ ಬೆಳ್ಳಿ ಕಟ್ಟಿಸಿದ ಹುಲಿಯುಗುರು ಹಾಕಿ, "ತಾತನ ಕಾಲದ್ದು ಕಣಮ್ಮ, ಸೋದರಮಾವ ನಾನು ಹಾಕ್ದೆ ಇನ್ಯಾರು ಹಾಕ್ತಾರೆ?" ಅಂದಿದ್ದ. ನಿನ್ನೆ ಅದಕ್ಕೆ ಇರುವೆ ಮುತ್ತಿತ್ತು. ಬೆಳ್ಳಿಯ ಕೆಳಗೆ ಹಸಿ ಮಾಂಸದ ವಾಸನೆ. ಇವರು ಬಿಚ್ಚಿ ಕಾಗದದಲ್ಲಿ ಕಟ್ಟಿಟ್ಟರು. "ತಾತನ ಉಗುರಿಗೆ ಇರುವೆ ಬರುತ್ತೇನೇ? ಸೋಮವಾರ ಸಾಹೇಬರು ಟೂರಿಂದ ಬಂದ ಕೂಡಲೇ ಅವರ ಮೇಜಿನ ಮೇಲಿಡ್ತೀನಿ. ಮುಚ್ಚಿಟ್ಟರೆ ನನ್ನ ಕೆಲಸ ಹೋಗುತ್ತೆ."

ತಾತನ ಹುಲಿಯುಗುರು ಇಡುತ್ತಿದ್ದ ಅವ್ವನ ಪೆಟ್ಟಿಗೆ ತೆಗೆದು ನೋಡಿ. ತಾತನ ಉಗುರು ಅಲ್ಲಿಲ್ಲದಿದ್ದರೆ ಇದೇ ಅದು, ನಾನು ಸುಮ್ಮನೆ ಹೆದರಿದೆ. ಅಲ್ಲೇ ಇದ್ದರೆ ಅಣ್ಣನೇ ಬಂದು ಒಪ್ಪಿಕೊಳ್ಳಲಿ. ಇವರ ಆಫೀಸಿನವರು ಹಿಡಿದು ತರುವ ಹಾಗಾಗುವುದು ಬೇಡ.

ಮಗುವಿನ ನೆಗಡಿ ಇಳಿದಿದೆ. ನನಗೆ ಊಟ ಸೇರುತ್ತಿಲ್ಲ. ಮನೆಯಲ್ಲಿ ಕವರ್ ಇರಲಿಲ್ಲ, ಕಾರ್ಡಿನಲ್ಲೇ ಬರೆದೆ. ಟಪಾಲಿನವರು ಓದಿದರೂ ಓದಲಿ.

ಸುಳ್ಳು ಹೇಳಿ ಎಂದು ಕೇಳುತ್ತಿಲ್ಲ ಅಪ್ಪಾಜಿ. ಪೆಟ್ಟಿಗೆಯಲ್ಲಿ ಏನಿತ್ತೆಂದು ಹೇಳಲು ನಿಮ್ಮ ಮಂಡಿ ಅಂಗಡಿಯಿಂದ ನಮ್ಮ ಪಕ್ಕದ ಮನೆ ಡಾಕ್ಟರಿಗೆ ಫೋನ್ ಮಾಡಿ, ನನ್ನನ್ನು ಕರೆಯುತ್ತಾರೆ. ಇವರು ಆಫೀಸಿಗೆ ಹೊರಟ ಮೇಲೆ ಮಾಡಿದರೆ ಪ್ರಯೋಜನವಿಲ್ಲ. ಭಾನುವಾರ ಎಷ್ಟು ಹೊತ್ತಾದರೂ ಸರಿ, ಸೋಮವಾರ ಬೆಳಗಾಗುವುದರೊಳಗೆ ಮಾಡಿ, ದಮ್ಮಯ್ಯ.