ಬೀರುವಿನ ಹಿಂದಿನ ಗೋಡೆ

ಮಾರ್ಚ್ 4, ಬೆಳಿಗ್ಗೆ 6.40

ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ಕಾಫಿಗೂ ಮುಂಚೆ ಒಪ್ಪಿಕೊಳ್ಳುತ್ತಿರುವ ಅಪರಾಧ: ಓದುವ ಕೋಣೆಯ ಪುಸ್ತಕದ ಬೀರುವನ್ನು ಒಂದೂವರೆ ಅಡಿ ಎಡಕ್ಕೆ ಸರಿಸಿದ್ದೇನೆ. ಸಹ ಆರೋಪಿ — ಹೆಂಡತಿ. ನೆಲ ಗೀಚದಿರಲಿ ಎಂದು ಬೀರುವಿನ ಕಾಲಿಗೆ ಹಳೇ ಟವೆಲ್ ಕೊಟ್ಟಳು. ಕೊಡುವಾಗ, "ಹೇಳಿಬಿಡೋಣ ರೀ, ಯಾಕೆ ಬೇಕು ಇದೆಲ್ಲ" ಅಂದಳು. ಆಕ್ಷೇಪಣೆ ತಳ್ಳಿಹಾಕಲಾಯಿತು.

ಎಡಗಡೆ ಇರುವುದು ಬಚ್ಚಲಿಗೂ ಕೋಣೆಗೂ ನಡುವಿನ ಗೋಡೆ. ಗೋಡೆಯೊಳಗೆ ಪೈಪು. ಪೈಪಿನೊಳಗೆ ನೀರು, ಹೊರಗೂ ನೀರು. ಹನ್ನೆರಡು ವರ್ಷದಿಂದ. ವರ್ಷಕ್ಕೊಮ್ಮೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಮರೆಯುತ್ತೇವೆ. ಬೀರುವಿನ ತುಂಬ ನನ್ನ ಏಕೈಕ ಹರಟೆ ಸಂಕಲನ. ಅಚ್ಚಾದದ್ದು ಮುನ್ನೂರು, ಉಳಿದದ್ದು ಇನ್ನೂರ ಹದಿನಾಲ್ಕು. ಅಲ್ಲ, ಹದಿಮೂರು. ಮನೆ ನೋಡಲು ಬಂದ ದಿನ ಹಲ್ಲಿನ ಡಾಕ್ಟರಮ್ಮನಿಗೆ ಒಂದು ಕೊಟ್ಟೆ. ಸಾಹಿತ್ಯದಿಂದ ಸಮಾಜಕ್ಕೇನು ಉಪಯೋಗ ಎನ್ನುವವರು ಬಂದು ನೋಡಲಿ — ತೇವ ಮುಚ್ಚುತ್ತದೆ.

ಡಾಕ್ಟರಮ್ಮನೇ ಮನೆ ಕೊಳ್ಳುವವರು. ಬೆಲೆ ಮಾತಾಗಿದೆ. ಇವತ್ತು ಹತ್ತಕ್ಕೆ ಅವರ ಇಂಜಿನಿಯರ್ ಮನೆ ಪರೀಕ್ಷೆಗೆ ಬರುತ್ತಾನೆ. ಸಾಂಗವಾಗಿ ಮುಗಿದರೆ ಸಾಕು. ಇವಳ ಮಂಡಿ ಸವೆದಿದೆ. ನಮ್ಮದು ಎರಡನೇ ಮಹಡಿ, ಮೂವತ್ತೆಂಟು ಮೆಟ್ಟಿಲು. ನೆಲಮಹಡಿಯದೊಂದು ಮನೆ ನೋಡಿಟ್ಟಿದ್ದೇವೆ. ಅದರ ಮಾಲೀಕರು ಇಪ್ಪತ್ತನೇ ತಾರೀಕಿನ ತನಕ ಕಾಯುತ್ತಾರೆ, ಆಮೇಲೆ ಬೇರೆಯವರಿಗೆ. ಇಲ್ಲಿ ಬಂದದ್ದು ಅಲ್ಲಿಗೆ ಸರಿಹೋಗುತ್ತದೆ, ಬಿಡಿಗಾಸೂ ಮಿಗುವುದಿಲ್ಲ.

ಗುಟ್ಟಿನ ಬಗ್ಗೆ ಚಿಂತೆಯಿಲ್ಲ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವನು. ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನೂ ತಿದ್ದಿದ್ದೇನೆ. ನನ್ನ ಕಣ್ಣಿಂದ ಅಲ್ಪವಿರಾಮ ತಪ್ಪಿಸಿಕೊಂಡಿಲ್ಲ, ಬಾಯಿಂದ ಗುಟ್ಟು ತಪ್ಪಿಸಿಕೊಂಡಿಲ್ಲ.

ಅದೇ ದಿನ, ಸಂಜೆ

ಬಂದ. ನೀರೂ ಬೇಡ ಅಂದ. ಅಡುಗೆಮನೆ ನೋಡಲಿಲ್ಲ, ಹಾಲ್ ನೋಡಲಿಲ್ಲ. ನೆಟ್ಟಗೆ ಓದುವ ಕೋಣೆಗೆ.

"ಸರ್, ಈ ಬೀರು ಸ್ವಲ್ಪ ಸರಿಸೋಣ್ವಾ?"

"ತುಂಬ ಭಾರ ಕಣಪ್ಪ. ಎಲ್ಲ ಪುಸ್ತಕ."

"ಗೊತ್ತು ಸರ್. ಖಾಲಿ ಮಾಡಿ ಸರಿಸೋಣ."

ಗೊತ್ತಂತೆ. ಹೇಗೆ ಗೊತ್ತು? ಇನ್ನೂರ ಹದಿಮೂರೂ ಕೆಳಗಿಳಿದವು. ನನ್ನ ಪುಸ್ತಕ ಇಷ್ಟು ಜನರ ಕೈಗೆ ಒಂದೇ ದಿನ ಹೋದದ್ದು ಇದೇ ಮೊದಲು — ನನ್ನ ಕೈ, ಅವನ ಕೈ. ತೇವ ಅಳೆಯುವ ಡಬ್ಬಿ ಗೋಡೆಗಿಟ್ಟ. ಕುಂಯ್ ಎಂದು ಕೂಗಿಕೊಂಡಿತು. ಇವಳು ಬಾಗಿಲಲ್ಲಿ ನಿಂತು ಮಂಡಿ ಒತ್ತಿಕೊಳ್ಳುತ್ತಿದ್ದಳು.

ಯಾರೋ ಹೇಳಿದ್ದಾರೆ.

ಮಾರ್ಚ್ 9

ರಿಪೋರ್ಟ್ ಬಂತು. ಬ್ರೋಕರ್ ತಂದ. ಇಪ್ಪತ್ತಾರು ಪುಟ. ಮೊದಲ ಪುಟದಲ್ಲೇ — ಒಳಗೋಡೆಯಲ್ಲಿ ಸೋರಿಕೆ, ಸುಮಾರು ಹನ್ನೆರಡು ವರ್ಷದಿಂದ. ಹನ್ನೆರಡು ಅಂತ ಗೋಡೆ ಹೇಳಿತೇ? ಜೊತೆಗೆ ಡಾಕ್ಟರಮ್ಮನ ಚೀಟಿ: ಮಾತಾದ ಬೆಲೆಯಲ್ಲಿ ಶೇಕಡಾ ಹತ್ತು ಇಳಿಸಬೇಕು. ಕೀಳುವುದು ಅವರ ಕಸುಬು, ಒಪ್ಪಿದೆ. ಮರಗಟ್ಟಿಸುವ ಸೂಜಿಯನ್ನಾದರೂ ಹಾಕಬಹುದಿತ್ತು.

"ಮನೆಯವರೇ ಯಾರೋ ಬಾಯಿಬಿಟ್ಟಿರ್ಬೇಕು ಸರ್," ಅಂದ ಬ್ರೋಕರ್. "ಹಿಂದುಗಡೆ ಅನುಬಂಧ ಅಂತೆಲ್ಲ ಇದೆ. ನಾನು ಓದಿಲ್ಲ, ದಪ್ಪ ಇದೆ. ನೀವು ನೋಡಿ."

"ಮೊದಲ ಪುಟದಲ್ಲೇ ಕಥೆ ಮುಗೀತಲ್ಲ ಮಾರಾಯ." ಮೇಜಿನ ಮೇಲೆ ಎಸೆದೆ. ಇವಳು ಎತ್ತಿಕೊಂಡು ಕನ್ನಡಕ ಹಾಕಿಕೊಂಡು ಅಡುಗೆಮನೆಗೆ ಹೋದಳು. ಅರ್ಧ ಗಂಟೆ ಬಿಟ್ಟು ಬಂದು ನನ್ನ ಮುಖವನ್ನೇ ನೋಡಿದಳು.

ಮನೆಯವರು ಯಾರೋ. ಮನೆಯಲ್ಲಿರುವುದು ಇಬ್ಬರು. ಒಬ್ಬ ನಾನು.

ಮಾರ್ಚ್ 10

"ಗೋಡೆ ವಿಷಯ ನೀನು ಹೇಳಿದ್ಯಾ?"

"ಇಲ್ಲ ರೀ."

"ಡಾಕ್ಟರಮ್ಮ ಎರಡನೇ ಸಲ ಬಂದಾಗ ಅಡುಗೆಮನೇಲಿ ಗುಸುಗುಸು ನಡೀತಿತ್ತಲ್ಲ."

"ಮಂಡಿಗೆ ಯಾವ ಡಾಕ್ಟ್ರು ಒಳ್ಳೇವ್ರು ಅಂತ ಕೇಳ್ತಿದ್ದೆ."

"ಹಲ್ಲಿನ ಡಾಕ್ಟ್ರ ಹತ್ರ ಮಂಡಿ ವಿಚಾರ."

"ಆ ರಿಪೋರ್ಟ್ ಒಂದ್ಸಲ ಪೂರ್ತಿ..." ಅಂದವಳು ನಿಲ್ಲಿಸಿದಳು. "ಬೇಡ ಬಿಡಿ. ನೀವು ಓದ್ದೇ ಇರೋದೇ ಒಳ್ಳೇದು."

ಸಿಕ್ಕಿಬಿದ್ದವರು ಹೀಗೇ ಮಾತಾಡುವುದು. ಮದುವೆಯಾಗಿ ಮೂವತ್ತೊಂದು ವರ್ಷ. ನನ್ನ ಸಂಬಳ ಇಳಿದಾಗ, ಪುಸ್ತಕ ಮಾರಾಟವಾಗದಾಗ, ಒಂದು ಮಾತು ಹೊರಗೆ ಆಡಿದವಳಲ್ಲ. ಈಗ ಒಂದು ಗೋಡೆಗೋಸ್ಕರ... ಸತ್ಯ ಹೇಳಿ ಹಗುರಾಗಬೇಕಿತ್ತೇನೋ. ನನ್ನ ಬೆನ್ನ ಹಿಂದೆ ಹಗುರಾದಳು.

ಮಾರ್ಚ್ 16

ಐದು ದಿನ ಬರೆಯಲಿಲ್ಲ. ಮಾತೂ ಇಲ್ಲ. ಫ್ರಿಜ್ ಮೇಲೆ ಚೀಟಿ ಅಂಟಿಸುತ್ತಾಳೆ. "ಹಾಲು ತನ್ನಿ, ಬಲ್ಪು ಹೋಗಿದೆ." ಬಲ್ಪು ತಪ್ಪು, ಬಲ್ಬು ಸರಿ. ಕೆಂಪು ಪೆನ್ನಿನಿಂದ ತಿದ್ದಿ ಅಲ್ಲೇ ಬಿಟ್ಟೆ. ಹಾಲು ತಂದೆ. ಬಲ್ಬು ತರಲಿಲ್ಲ.

ಇವಳು ತಾನೇ ಪ್ಲಂಬರ್‌ನ ಅಂಗಡಿ ಹುಡುಕಿಕೊಂಡು ಹೋಗಿ ರಿಪೇರಿಗೆ ಎಷ್ಟಾಗುತ್ತದೆ ಎಂದು ಬರೆಸಿಕೊಂಡು ಬಂದಳು. ಹತ್ತಿ ಬರುವುದನ್ನು ಮೇಲಿನಿಂದ ನೋಡಿದೆ. ಮೂರು ಕಡೆ ನಿಂತಳು. ಕೊನೆಯ ತಿರುವಿನಲ್ಲಿ ಮೆಟ್ಟಿಲ ಮೇಲೇ ಕೂತಳು. ಇಳಿದು ಹೋಗಿ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ದ್ರೋಹ ಮಾಡಿದವರು ಮೆಟ್ಟಿಲನ್ನೂ ಹತ್ತಲಿ ಅಂದುಕೊಂಡೆ.

ಬರೆದದ್ದನ್ನು ಓದಿದೆ. ತಿದ್ದಬೇಕು ಅನ್ನಿಸಿತು. ಹಾಗೇ ಇರಲಿ.

ಮಾರ್ಚ್ 18

ಡಾಕ್ಟರಮ್ಮನ ಕ್ಲಿನಿಕ್. ಕೂರಲು ಜಾಗವಿದ್ದದ್ದು ಹಲ್ಲು ಕೀಳುವ ಕುರ್ಚಿಯಲ್ಲಿ ಮಾತ್ರ. ನಾನು ನಿಂತೇ ಇದ್ದೆ. ಮಾತೆಲ್ಲ ಇವಳದೇ.

"ಡಾಕ್ಟರೇ, ಮುಚ್ಚಿಟ್ಟಿದ್ದು ನಮ್ಮ ತಪ್ಪು. ಪೈಪಿಗೆ, ಗಾರೆಗೆ, ಬಣ್ಣಕ್ಕೆ ಇಷ್ಟಾಗುತ್ತೆ, ನೋಡಿ. ಇದನ್ನ ಪೂರ್ತಿ ಬಿಡ್ತೀವಿ. ಹತ್ತು ಬಿಟ್ರೆ ನಮಗೆ ಕೆಳಗಿನ ಮನೆ ಸಿಗಲ್ಲ."

"ಇನ್ನೊಂದು ಗೋಡೇಲೂ ಇದ್ರೆ?"

"ನಿಮ್ಮ ಇಂಜಿನಿಯರನ್ನ ಇನ್ನೊಂದ್ಸಲ ಕಳಿಸಿ. ಮನೇಲಿರೋ ಸಾಮಾನೆಲ್ಲ ಸರಿಸಿ ತೋರಿಸ್ತೀನಿ."

ಡಾಕ್ಟರಮ್ಮ ಚೀಟಿಯನ್ನು ಎರಡು ಸಲ ಓದಿದರು. ನೂರಕ್ಕೆ ಮೂರರಲ್ಲಿ ಮುಗಿಯಿತು. ಆ ಮೂರಕ್ಕೂ ಇವಳು ದಾರಿ ಮಾಡಿದ್ದಳು — ಬಣ್ಣ ಬಳಿಸಿಕೊಡುವುದು ಬೇಡ, ಇದ್ದ ಹಾಗೇ ತಗೋತೀವಿ, ಅಷ್ಟು ಇಳಿಸಿ ಎಂದು ನೆಲಮಹಡಿಯ ಮಾಲೀಕರನ್ನು ಒಪ್ಪಿಸಿದ್ದಳು. ಆ ಮನೆ ಕೈತಪ್ಪಲಿಲ್ಲ. ಬೆಂಕಿ ಹಚ್ಚಿದವರೇ ನೀರೂ ಹೊತ್ತರು ಅಂದುಕೊಂಡೆ.

ಹೊರಡುವಾಗ ಡಾಕ್ಟರಮ್ಮ, "ಸರ್, ನಿಮ್ಮ ಪುಸ್ತಕ ಪೂರ್ತಿ ಓದಿದೆ. ತುಂಬಾ ನಕ್ಕೆ," ಅಂದರು. ಪುಸ್ತಕ ಅಚ್ಚಾದ ಹನ್ನೆರಡು ವರ್ಷದಲ್ಲಿ ಪೂರ್ತಿ ಓದಿದವರು ಇವರೊಬ್ಬರೇ. ಸ್ವಲ್ಪ ಉಬ್ಬಿದೆ. ಇವಳು ನೆಲ ನೋಡಿದಳು. ಪಶ್ಚಾತ್ತಾಪ ಅಂದುಕೊಂಡೆ.

ಮಾರ್ಚ್ 29, ಮಧ್ಯಾಹ್ನ

ನಾಳೆ ಹೊರಡುವುದು. ಪುಸ್ತಕದ ಡಬ್ಬಗಳ ಮೇಲೆ ಅಂಟಿಸಲು ರದ್ದಿ ಕಾಗದ ಬೇಕಿತ್ತು. ರಿಪೋರ್ಟ್ ಸಿಕ್ಕಿತು. ಹಿಂಬದಿ ಖಾಲಿ ಎಂದು ಕೊನೆಯಿಂದ ಹರಿಯಲು ಹೊರಟೆ.

ಅನುಬಂಧ ಮೂರು. ಮಾಹಿತಿಯ ಮೂಲ. ಒಂದು ಫೋಟೋ — ನನ್ನ ಪುಸ್ತಕದ ನಲವತ್ತೆರಡನೇ ಪುಟ. 'ಗೋಡೆಗೆ ನೆಗಡಿ.' ಗೆಳೆಯನೊಬ್ಬನ ಮನೆಯ ಬಚ್ಚಲ ಗೋಡೆ ಸೋರುವುದು, ಅವನು ಅದರ ಮುಂದೆ ಪುಸ್ತಕದ ಬೀರು ನಿಲ್ಲಿಸಿ ನೆಂಟರನ್ನು ಯಾಮಾರಿಸುವುದು. ಬರೆದದ್ದು ನಾನೆಂದು ಮರೆತಿರಲಿಲ್ಲ. ಗೋಡೆ ನಮ್ಮದೆಂದು ಮರೆತಿದ್ದೆ.

ರಿಪೋರ್ಟಿನ ಈ ಪುಟದ ಮೂಲೆ ಮಡಚಿದೆ. ಓದಿದ ಗುರುತಿಗೆ ಮೂಲೆ ಮಡಚುವುದು ಇವಳ ಅಭ್ಯಾಸ. ಒಂಬತ್ತನೇ ತಾರೀಕಿನಿಂದ ಗೊತ್ತು. ಇಪ್ಪತ್ತು ದಿನ. ಬಲ್ಪು, ಮೆಟ್ಟಿಲು, ಕ್ಲಿನಿಕ್ಕು... ಒಂದು ಸಲವೂ ಎತ್ತಿ ತೋರಿಸಲಿಲ್ಲ.

ಪಕ್ಕದ ಕೋಣೆಯಲ್ಲಿ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಾಳೆ. ಹೋಗಬೇಕು. ಹೇಗೆ ಶುರುಮಾಡುವುದೋ ತಿಳಿಯದೆ ಇಲ್ಲಿ ಗೀಚುತ್ತಿದ್ದೇನೆ.

ಇಷ್ಟೇ ಆಗಿದ್ದರೆ ಡಾಕ್ಟರಮ್ಮ ಚುರುಕು, ಗೆಳೆಯನ ಮನೆ ಎಂದರೂ ಪತ್ತೆ ಹಚ್ಚಿದರು ಎನ್ನಬಹುದಿತ್ತು. ಕೆಳಗೆ ಇನ್ನೊಂದು ಫೋಟೋ ಇದೆ. ಪುಸ್ತಕದ ಮೊದಲ ಖಾಲಿ ಹಾಳೆ. ನನ್ನ ಅಕ್ಷರ, ನನ್ನ ಸಹಿ. ಯಾರಿಗೆ ಪ್ರತಿ ಕೊಟ್ಟರೂ ಕೈ ತಾನಾಗಿ ಬರೆಯುವ ಸಾಲು, ಎಂಬತ್ತೇಳು ಸಲ ಬರೆದು ಒಮ್ಮೆಯೂ ಓದದ ಸಾಲು: "ಪ್ರೀತಿಯಿಂದ. ಬೇರೇನೂ ಓದದಿದ್ದರೂ ಪುಟ ನಲವತ್ತೆರಡು ಓದಿ. ಗೆಳೆಯ ಎಂದಿರುವುದು ನೆಪಕ್ಕೆ, ಆ ಗೋಡೆ ನಮ್ಮ ಮನೆಯದೇ."